ತೋಟದ ಅಗರು ಮರ: ವಯಸ್ಸಾದರೆ ಸಾಕೇ?

ಕೊಪ್ಪದ ಕೃಷಿಕ: ನಮ್ಮ ಅಡಿಕೆ ತೋಟದ ಅಂಚಿನಲ್ಲಿ ತಂದೆಯವರು ನೆಟ್ಟಿದ್ದ ಅಗರು ಮರಗಳು ಚೆನ್ನಾಗಿ ದಪ್ಪವಾಗಿವೆ. ಗಾಳಿಗೆ ಬಿದ್ದ ಒಂದನ್ನು ಸೀಳಿಸಿ ನೋಡಿದರೆ ಒಳಗೆಲ್ಲ ಬೆಳ್ಳಗಿದೆ. ಚಕ್ಕೆಯನ್ನು ಕೆಂಡದ ಮೇಲಿಟ್ಟರೂ ಬರಿಯ ಸೌದೆಯ ಹೊಗೆ ಬರುತ್ತದೆ. ಶ್ರೀಗಂಧದಂತೆ ಇದರಲ್ಲಿಯೂ ವಯಸ್ಸಾದ ಮೇಲೆ ಚೇಗು (ಪರಿಮಳದ ಗಟ್ಟಿ ತಿರುಳು) ಕೂಡುವುದೇ? ಅಳಿವಿನಂಚಿನ ಮರವೆನ್ನುತ್ತಾರಾದ್ದರಿಂದ ಮಾರಲು ಅಡ್ಡಿಯಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಸಸ್ಯಾಸಕ್ತ: ಶ್ರೀಗಂಧದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆರೋಗ್ಯವಾಗಿರುವ ಅಗರು ಮರದ ಕಟ್ಟಿಗೆಗೆ ಪರಿಮಳವೇ ಇರುವುದಿಲ್ಲ. ಕಾಂಡಕ್ಕೆ ಗಾಯವಾಗಿ ಅಥವಾ ಹುಳು ಕೊರೆದು, ಆ ದಾರಿಯಲ್ಲಿ ಶಿಲೀಂಧ್ರ ಒಳಹೊಕ್ಕಾಗ ಮರವು ತನ್ನ ರಕ್ಷಣೆಗಾಗಿ ಆ ಭಾಗದಲ್ಲಿ ಕಪ್ಪು ರಾಳವನ್ನು ತುಂಬಿಕೊಳ್ಳುತ್ತದೆ. ಬೆಲೆಯಿರುವುದು ಆ ರಾಳ ತುಂಬಿದ ಕಟ್ಟಿಗೆಗೆ ಮಾತ್ರ. ಉಳಿದ ತೋಟಗಳಲ್ಲಿ ಹುಳುವನ್ನು ಕಂಡರೆ ಔಷಧಿ ಹುಡುಕುತ್ತೇವೆ, ಅಸ್ಸಾಮಿನ ಅಗರು ಬೆಳೆಗಾರರಾದರೋ ಕಾಂಡ ಕೊರೆಯುವ ಹುಳು ಬೀಳಲೆಂದೇ ಕಾಯುತ್ತಾರೆ. ಹುಳುವಿಲ್ಲದ ಕಡೆ ಕಾಂಡದಲ್ಲಿ ರಂಧ್ರ ಕೊರೆದು ಶಿಲೀಂಧ್ರದ ದ್ರಾವಣವನ್ನು ಸೇರಿಸುವ ರೂಢಿಯಿದೆ. ಮರ ಕಡಿದ ಮೇಲೆ ಕುಶಲಕರ್ಮಿಗಳು ಬಿಳಿಯ ಭಾಗವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು ಕಪ್ಪು ಗೆರೆಗಳನ್ನಷ್ಟೇ ಉಳಿಸುತ್ತಾರೆ. ರಾಳ ದಟ್ಟವಾಗಿರುವ ಉತ್ತಮ ತುಂಡು ನೀರಿನಲ್ಲಿ ಮುಳುಗುತ್ತದೆ. ನಿಮ್ಮ ಬಿಳಿಯ ಕಟ್ಟಿಗೆ ತೇಲುತ್ತದೆ.

ಅರಣ್ಯ ವಿಷಯದ ಓದುಗ: ಒಳಗೆ ರಾಳವಿದೆಯೇ ಎಂಬುದು ಹೊರಗಿನಿಂದ ಸುಲಭವಾಗಿ ತಿಳಿಯದಿರುವುದೇ ಈ ಮರಕ್ಕೆ ಮುಳುವಾಯಿತು. ಈಶಾನ್ಯ ಭಾರತದಿಂದ ಇಂಡೋನೇಷ್ಯಾದವರೆಗಿನ ಕಾಡುಗಳಲ್ಲಿ ಕಂಡಕಂಡ ಮರಗಳನ್ನು ಕಡಿದು ನೋಡಿದ ಪರಿಣಾಮವಾಗಿ ಅಕ್ವಿಲೇರಿಯಾ ಮಲಕ್ಕೆನ್ಸಿಸ್ (ಅಗರು ಮರದ ವೈಜ್ಞಾನಿಕ ಹೆಸರು) ಇಂದು ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘಟನೆಯಾದ ಐಯುಸಿಎನ್‌ನ ಪಟ್ಟಿಯಲ್ಲಿದೆ. 1995ರಿಂದ ಇದು ಅಳಿವಿನ ಭೀತಿಯಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದೆ. ಅದರ ಅರ್ಥ ವ್ಯಾಪಾರಕ್ಕೆ ನಿಷೇಧವೆಂದಲ್ಲ, ರಫ್ತಿಗೆ ಅನುಮತಿ ಪತ್ರ ಬೇಕೆಂದು. ನೀವು ಕಡಿಯುವ ಮತ್ತು ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸಸಿ ಕೊಂಡ ರಸೀದಿ ಇದ್ದರೆ ಜೋಪಾನವಾಗಿಡಿ.

ಶೃಂಗೇರಿ ಕಡೆಯವ: ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನನ್ನದೊಂದು ಸಲಹೆ: ಎಲ್ಲ ಮರಗಳಿಗೂ ಒಮ್ಮೆಲೇ ದ್ರಾವಣ ಕೊಡಿಸಬೇಡಿ. ಒಂದೆರಡಕ್ಕೆ ಕೊಡಿಸಿ, ಒಂದೆರಡು ಮಳೆಗಾಲ ಕಳೆದ ಮೇಲೆ ಸಣ್ಣದಾಗಿ ಕೆತ್ತಿ ಬಣ್ಣವನ್ನೂ ವಾಸನೆಯನ್ನೂ ಪರೀಕ್ಷಿಸಿ, ಆಮೇಲೆ ಮುಂದುವರಿಯಿರಿ. ಸಸಿ ಮಾರುವವರು ಮರಕ್ಕಿಷ್ಟು ಲಕ್ಷವೆಂದು ಹೇಳುವ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಮರುಖರೀದಿಯ ಕರಾರು ಇದ್ದರೆ, ಅದರಲ್ಲಿರುವ ದರ ಮರಕ್ಕೋ, ರಾಳಗಟ್ಟಿದ ಚಕ್ಕೆಯ ತೂಕಕ್ಕೋ, ದರ್ಜೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಮೊದಲು ಓದಿ ನೋಡಿ.