ಹಳ್ಳಿಯ ಬಾರ್ಬೆಕ್ಯೂ ಅಂಗಡಿಯಲ್ಲಿ ಕ್ಷೇತ್ರಕಾರ್ಯ: ಮೊದಲು ಸಂದರ್ಶನವೋ, ಒಲೆಯೋ?

ಪ್ರಶ್ನೆ

ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಪೀ ಡೀ ಸೀಮೆಯ ಹಳ್ಳಿಯೊಂದರಲ್ಲಿ ಒಂದೇ ಕುಟುಂಬದವರು ನಡೆಸುವ ಬಾರ್ಬೆಕ್ಯೂ ಹೋಟೆಲಿದೆ. ಮುಂದೆ ದಿನಸಿ ಅಂಗಡಿ, ಹಿಂದೆ ಇಡೀ ಹಂದಿ ಬೇಯಿಸುವ ಒಲೆಮನೆ. ಜಾನಪದ ದಾಖಲಾತಿಗೆ ಎರಡು ವಾರಾಂತ್ಯ ಸಿಕ್ಕಿದೆ, ಪ್ರಶ್ನಾವಳಿ ಸಿದ್ಧವಿದೆ. ಯಾವುದರಿಂದ ಶುರು ಮಾಡಲಿ? ರೆಕಾರ್ಡರ್ ಹೇಗೆ ಇಟ್ಟುಕೊಳ್ಳಲಿ? ಸಾಸ್ ಮನೆಯ ಗುಟ್ಟು ಅನ್ನುತ್ತಾರೆ, ಕೇಳಬಹುದೇ?

ಉತ್ತರ 1

ಪ್ರಶ್ನಾವಳಿ ಚೀಲದಲ್ಲೇ ಇರಲಿ. ಮೊದಲ ರಾತ್ರಿ ಒಲೆಮನೆಯಲ್ಲಿ ಕಳೆಯಿರಿ. ‘ಹೇಗೆ ಬೇಯಿಸುತ್ತೀರಿ?’ ಎಂದು ಹಗಲಲ್ಲಿ ಕೇಳಿದರೆ ‘ನಿಧಾನವಾಗಿ’ ಅಂತಷ್ಟೇ ಉತ್ತರ ಬರುತ್ತದೆ, ಏಕೆಂದರೆ ಆ ವಿದ್ಯೆ ಇರುವುದು ಕೈಯಲ್ಲಿ.

ಓಕ್, ಹಿಕರಿ ಸೌದೆಯನ್ನು ಕಬ್ಬಿಣದ ಪೀಪಾಯಿಯಲ್ಲಿ ಉರಿಸುತ್ತಾರೆ. ಅಡ್ಡ ಹಾಯಿಸಿದ ಸರಳುಗಳ ಸಂದಿಯಿಂದ ಕೆಂಡ ಕೆಳಗೆ ಬೀಳುತ್ತದೆ. ಅದನ್ನು ಸಲಿಕೆಯಲ್ಲಿ ತೆಗೆದು ಸಿಮೆಂಟ್ ಬ್ಲಾಕಿನ ಒಲೆಗೆ ಹರಡುತ್ತಾರೆ. ಸೀಳಿದ ಹಂದಿ ಜಾಲರಿಯ ಮೇಲೆ ಚರ್ಮ ಮೇಲಾಗಿ ಮಲಗಿರುತ್ತದೆ. ಕೆಂಡ ಹೆಚ್ಚು ಬೀಳುವುದು ಭುಜ ಮತ್ತು ಹಿಂದೊಡೆಯ ಕೆಳಗೆ, ಅಲ್ಲಿ ಮಾಂಸ ದಪ್ಪ. ನಡುವಿನ ಹೊಟ್ಟೆಭಾಗ ತೆಳು, ಅಲ್ಲಿ ಕೆಂಡ ಹೆಚ್ಚಾದರೆ ಸೀದುಹೋಗುತ್ತದೆ; ಕೊಬ್ಬು ಸುರಿದು ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ಸುಮಾರು 12 ಗಂಟೆ ಬೇಯುತ್ತದೆ. ಕೊನೆಗೆ ಮಗುಚಿ ವಿನೆಗರ್ ಮತ್ತು ಕೆಂಪು ಮೆಣಸಿನ ಸಾಸ್ ಸವರುತ್ತಾರೆ. ಈ ಸೀಮೆಯದು ವಿನೆಗರ್ ಸಾಸ್, ರಾಜ್ಯದ ನಡುಭಾಗದ ಸಾಸಿವೆ ಸಾಸಿನ ಜೊತೆ ಬೆರೆಸಿ ಬರೆಯಬೇಡಿ.

ಪುಸ್ತಕದಲ್ಲಿ ಐದು ಕಲಂ ಎಳೆದುಕೊಳ್ಳಿ: ಗಂಟೆ, ಎಷ್ಟು ಸಲಿಕೆ, ಯಾವ ತುದಿಗೆ, ಯಾರು ಹಾಕಿದರು, ಆಗ ಏನೆಂದರು. ಮರುದಿನದ ಸಂದರ್ಶನಕ್ಕೆ ಇದೇ ಪ್ರಶ್ನಾವಳಿ. ‘ರಾತ್ರಿ ಎರಡಕ್ಕೆ ಎಡಗಡೆ ಮಾತ್ರ ಕೆಂಡ ಹಾಕಿದಿರಲ್ಲ, ಯಾಕೆ?’ ಎಂದು ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ.

ಉತ್ತರ 2

ಧ್ವನಿ: ರೆಕಾರ್ಡರಿನಲ್ಲಿ ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಉಳಿಸುವ ಬಗೆ), 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಎಂಪಿ3 ಬೇಡ. ಮಾತಿನ ಏರು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ, ದಿಢೀರನೆ ನಕ್ಕರೂ ಧ್ವನಿ ಒಡೆಯುವುದಿಲ್ಲ. ಕಾಲರ್ ಮೈಕು ಬಾಯಿಂದ ಒಂದು ಗೇಣು ಕೆಳಗಿರಲಿ.

ಅಂಗಡಿಯಲ್ಲಿ ನಿಜವಾದ ಕಾಟ ಫ್ರೀಜರಿನದು. ಮನೆಯಲ್ಲಾದರೆ ಫ್ರಿಜ್ ಆರಿಸಿ ಎನ್ನಬಹುದು, ಮಾಂಸ ಮಾರುವ ಕಡೆ ಅದನ್ನು ಕೇಳಲೇಬಾರದು. ಕುರ್ಚಿಯನ್ನೇ ಹಿಂದಿನ ಕೋಣೆಗೆ ಒಯ್ಯಿರಿ. ಮಾತು ಮುಗಿದ ಮೇಲೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ಸದ್ದನ್ನು ಹಿಡಿಯಿರಿ. ಕೊಚ್ಚುವ ಕತ್ತಿಯ ತಾಳ, ಕೆಂಡದ ಮೇಲೆ ಕೊಬ್ಬು ಬಿದ್ದ ಚುಂಯ್ ಸದ್ದು, ಬಾಗಿಲ ಕಿರುಗುಟ್ಟು ಇವನ್ನೂ ಬೇರೆಬೇರೆಯಾಗಿ ಹಿಡಿಯಬೇಕು. ಲೆನ್ಸಿಗೆ ಫಿಲ್ಟರ್ ಹಾಕಿ, ಹೊಗೆಯ ಜಿಡ್ಡು ಗಾಜಿಗೆ ಅಂಟುತ್ತದೆ. ಅಂದಿನ ಫೈಲುಗಳಿಗೆ ಅಂದೇ ತಾರೀಕಿನ ಹೆಸರು ಕೊಟ್ಟು ಮೂರು ಪ್ರತಿ ಮಾಡಿ, ಒಂದು ಬೇರೆ ಊರಿನಲ್ಲಿರಲಿ.

ಉತ್ತರ 3

ಅಂಗಡಿಯನ್ನು ಬಿಟ್ಟರೆ ದಾಖಲೆ ಅರ್ಧ. ಅಮೆರಿಕದ 1976ರ ಜಾನಪದ ಸಂರಕ್ಷಣಾ ಕಾಯ್ದೆಯಲ್ಲೇ ಕುಟುಂಬದ ಮತ್ತು ಕಸುಬಿನ ಪರಂಪರೆಗಳು ಜಾನಪದವೆಂದಿದೆ. ಇಲ್ಲಿ ಎರಡೂ ಒಂದೇ ಸೂರಿನಡಿ ಇವೆ. ಗಲ್ಲಾ, ಕಪಾಟು, ಒಲೆಮನೆಗಳ ನಕ್ಷೆ ಬರೆಯಿರಿ, ಒಲೆಯ ಉದ್ದಗಲವನ್ನು ಟೇಪು ಹಿಡಿದು ಅಳೆಯಿರಿ. ಗೋಡೆಯ ಚೀಟಿ, ಚರ್ಚಿನ ಊಟದ ಕರೆ, ಕೈಬರಹದ ದರಪಟ್ಟಿ ಎಲ್ಲದರ ಚಿತ್ರ ತೆಗೆಯಿರಿ.

ದಯವಿಟ್ಟು ಬೋರ್ಡಿನಲ್ಲಿ ಹೆಸರಿರುವ ಒಬ್ಬರನ್ನೇ ವಕ್ತೃ (ಮಾಹಿತಿ ಹೇಳುವವರು) ಮಾಡಬೇಡಿ. ಅಮೆರಿಕದ ದಕ್ಷಿಣದಲ್ಲಿ ಒಲೆಯ ದುಡಿಮೆ ಬಹುಪಾಲು ಕಪ್ಪು ಜನರ ಕೈಯಲ್ಲಿ ಬೆಳೆದದ್ದು, ಎಷ್ಟೋ ಕಡೆ ಹೆಸರು ಮಾತ್ರ ಮಾಲೀಕರದ್ದು. ಸೌದೆ ಕಡಿದವರು ಯಾರು, ರಾತ್ರಿ ಕಾದವರು ಯಾರು, ಲೆಕ್ಕ ಬರೆದ ಹೆಂಗಸರು ಯಾರು ಎಂದು ಬಿಡದೆ ಕೇಳಿ.

ಸಾಸಿನ ವಿಚಾರ: ಕಲಸುವ ಕ್ರಮ, ಪಾತ್ರೆ, ಯಾರು ಯಾರಿಗೆ ಕಲಿಸಿದರು ಎಂಬುದನ್ನು ದಾಖಲಿಸಿ. ಅಳತೆ ಕೇಳಬೇಡಿ. ಅವರಾಗಿ ಹೇಳಿದರೂ ಆ ತುಣುಕನ್ನು ಬೇರೆ ಫೈಲಾಗಿ ಇಟ್ಟು, ಒಪ್ಪಿಗೆ ಪತ್ರದಲ್ಲಿ ಧ್ವನಿ, ಚಿತ್ರ, ಗುಟ್ಟಿನ ಭಾಗ ಮೂರಕ್ಕೂ ಪ್ರತ್ಯೇಕ ಸಹಿ ಪಡೆಯಿರಿ. ಎರಡನೇ ವಾರಾಂತ್ಯ ಹೋಗುವಾಗ ಮೊದಲ ವಾರದ ಚಿತ್ರಗಳನ್ನು ಅಚ್ಚು ಹಾಕಿಸಿ ಕೊಡಿ. ಅವನ್ನು ನೋಡುತ್ತಾ ಮನೆಯವರು ತಮ್ಮತಮ್ಮಲ್ಲೇ ಆಡುವ ಮಾತಿಗೆ ರೆಕಾರ್ಡರ್ ತಯಾರಿರಲಿ, ಅವರಿಗೆ ತಿಳಿಸಿಯೇ.