ಕುದುರೆ ಮಗ್ಗುಲಿಗೆ ಹೋಯಿತು, ಆದರೂ ಸೋತೆ

ಪ್ರಶ್ನೆ, ಶಿವಮೊಗ್ಗದಿಂದ:
ಮಳೆ ಹಿಡಿದಾಗಿನಿಂದ ನಾನು, ನನ್ನ ಭಾವಮೈದ ಸೇರಿ ಡಿಬಿಎ ಆಡುತ್ತಿದ್ದೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೆರಳುದ್ದ ಕೂಡ ಇಲ್ಲದ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ, ದಾಳ ಹಿಡಿದು ಆಡುವ ಯುದ್ಧದಾಟ ಇದು. ಒಬ್ಬೊಬ್ಬರಿಗೆ 12 ತುಕಡಿ. 4 ತುಕಡಿ ಕಳೆದುಕೊಂಡು, ಅದು ಎದುರಾಳಿ ಕಳೆದುಕೊಂಡದ್ದಕ್ಕಿಂತ ಜಾಸ್ತಿ ಇದ್ದರೆ ಸೋತ ಹಾಗೆ. ಪ್ರತಿ ಸಲ ನನ್ನ ಎರಡು ಹಗುರ ಕುದುರೆ ತುಕಡಿಗಳನ್ನು ಅಂಚಿನಿಂದ ಸುತ್ತು ಹಾಕಿಸಿ ಅವನ ಮಗ್ಗುಲಿಗೆ ಬಿಡುತ್ತೇನೆ. ಏನೂ ಆಗುವುದಿಲ್ಲ. ಅವನ ಕತ್ತಿಯವರು ತಿರುಗಿ ನಿಂತು ನನ್ನ ಕುದುರೆಗಳನ್ನೇ ಅಟ್ಟುತ್ತಾರೆ. ಮಗ್ಗುಲ ದಾಳಿ ಅಂದರೆ ಗೆದ್ದ ಹಾಗೆ ಅಂತಾರಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಸಾಗರದಿಂದ:
ಒಂದೇ ಪ್ರಶ್ನೆ. ಕುದುರೆ ಹೋಗಿ ತಾಗಿದಾಗ ಆ ಕತ್ತಿಯವರ ಮುಂದೆ ನಿಮ್ಮವರು ಯಾರಾದರೂ ಇದ್ದರಾ?

ಶಿವಮೊಗ್ಗ:
ಇಲ್ಲ. ನನ್ನ ಮಧ್ಯದ ಸಾಲು ಇನ್ನೂ ಒಂದು ಗೇಣು ದೂರ ಇತ್ತು.

ಸಾಗರ:
ಹಾಗಾದರೆ ಅಲ್ಲೇ ಇದೆ ಗಂಟು. ಮುಂದೆ ಯಾರೂ ಹಿಡಿದುಕೊಂಡಿಲ್ಲದ ತುಕಡಿ, ಮಗ್ಗುಲಿಗೆ ಬಂದವನ ಕಡೆ ತಿರುಗಿ ನಿಲ್ಲುತ್ತದೆ. ನಿಯಮವೇ ಹಾಗಿದೆ. ಆಮೇಲೆ ಅದು ಮಗ್ಗುಲ ದಾಳಿ ಅಲ್ಲ, ಮುಖಾಮುಖಿ. ಹಗುರ ಕುದುರೆಗೆ 2 ಅಂಕ, ಕತ್ತಿಯವರಿಗೆ ಕುದುರೆ ಎದುರು 3. ನೀವೇ ಹೋಗಿ ಬಲೆಗೆ ಬಿದ್ದಿರಿ.

ಕಬಡ್ಡಿ ನೋಡಿದ್ದೀರಲ್ವಾ? ರೈಡರ್ ಅಂಗಳದ ನಡುವೆ ಆರಾಮಾಗಿ ನಿಂತಿದ್ದಾಗ ಕಾರ್ನರಿನವನು ಹೋಗಿ ಕಾಲಿಗೆ ಕೈ ಹಾಕಿದರೆ ಮುಟ್ಟಿಸಿಕೊಂಡು ಔಟ್ ಆಗುತ್ತಾನೆ. ಎದುರಿನವರು ಅವನ ಕಣ್ಣು ಹಿಡಿದಿಟ್ಟಾಗ ಮಾತ್ರ ಪಕ್ಕದಿಂದ ಹಿಡಿತ ಬೀಳುತ್ತದೆ. ಇದೂ ಅಷ್ಟೇ.

ಈಗ ಲೆಕ್ಕ ನೋಡಿ, ನನಗೆ ಈ ಆಟದ ಹುಚ್ಚು ಹಿಡಿದದ್ದೇ ಈ ಲೆಕ್ಕದಿಂದ. ಕತ್ತಿಯವರ ಎದುರು ಕತ್ತಿಯವರು. ಇಬ್ಬರಿಗೂ 5. ಇಬ್ಬರೂ ಒಂದೊಂದು ದಾಳ ಎಸೆದು ಕೂಡಿಸುತ್ತಾರೆ. ಕಡಿಮೆ ಬಂದವನು ಹಿಂದೆ ಸರಿಯುತ್ತಾನೆ, ಗೆದ್ದವನ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಯುತ್ತಾನೆ. ಅತಿ ಜಾಸ್ತಿ ಬಂದರೆ 11, ಅತಿ ಕಡಿಮೆ ಬಂದರೆ 6. 6 ಅನ್ನುವುದು 11ರ ಅರ್ಧಕ್ಕಿಂತ ಹೆಚ್ಚು. ಅಂದರೆ ಬರೀ ಎದುರುಬದುರು ನಿಂತು ಬೆಳಗಿನ ತನಕ ಗುದ್ದಾಡಿದರೂ ಒಬ್ಬನೂ ಸಾಯುವುದಿಲ್ಲ!

ಅದೇ ಹೊತ್ತಿಗೆ ನಿಮ್ಮ ಕುದುರೆ ಬಂದು ಅವನ ಮಗ್ಗುಲಿಗೆ ಅಂಟಿಕೊಳ್ಳಲಿ. ಅದು ದಾಳವನ್ನೇ ಎಸೆಯುವುದಿಲ್ಲ, ಸುಮ್ನೆ ನಿಂತಿರುತ್ತದೆ. ಆದರೆ ಅವನಿಗೆ 1 ಅಂಕ ಕಳೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅವನು ಸೋತು ಹಿಂದೆ ಸರಿಯಬೇಕಾಗಿ ಬಂದರೆ ಸರಿಯುವ ಹಾಗಿಲ್ಲ, ಸತ್ತ ಅಂತಲೇ ಲೆಕ್ಕ. ನಿಮಗೆ ದಾಳದಲ್ಲಿ 3 ಬಿತ್ತು, ಅವನಿಗೂ 3 ಬಿತ್ತು ಅಂದುಕೊಳ್ಳಿ. ನಿಮ್ಮದು 8, ಅವನದು 7. ಮೊದಲಾಗಿದ್ದರೆ ಅದು ಸಮ. ಈಗ ಅವನ ತುಕಡಿ ಮೇಜಿನಿಂದ ಹೊರಗೆ. 36 ಸಾಧ್ಯತೆಗಳಲ್ಲಿ 21 ಸಲ ಹೀಗಾಗುತ್ತದೆ. ಸೊನ್ನೆಯಿಂದ 21ಕ್ಕೆ!

ಮೊದಲು ಹಿಡಿಯಿರಿ, ಆಮೇಲೆ ಹೊಡೆಯಿರಿ. ಎರಡೂ ಒಂದೇ ಸರದಿಯಲ್ಲಿ ಆದರೆ ಇನ್ನೂ ಒಳ್ಳೆಯದು.

ಭದ್ರಾವತಿಯಿಂದ:
ನಾನು ಹಳೆ ವಾರ್‌ಹ್ಯಾಮರ್ ಫ್ಯಾಂಟಸಿ ಆಡಿದವನು, 2000ರಲ್ಲಿ ಬಂದ ಆರನೇ ಆವೃತ್ತಿ. ಅದರಲ್ಲಿ ಹಿಂದೆ ಸಾಲುಸಾಲಾಗಿ ನಿಂತ ಕಾಲಾಳುಗಳಿಗೆ ಸಾಲಿನ ಲೆಕ್ಕದಲ್ಲಿ 3ರ ತನಕ ಅಂಕ. ಸಾಕಷ್ಟು ದೊಡ್ಡ ತುಕಡಿ ಮಗ್ಗುಲಿಗೆ ಬಂದರೆ ಆ 3 ಹೋಯಿತು, ಬಂದವರಿಗೆ 1 ಸಿಕ್ಕಿತು. ಒಬ್ಬನನ್ನೂ ಕೊಲ್ಲದೆ 4 ಅಂಕದ ವ್ಯತ್ಯಾಸ. ಜಾಸ್ತಿ ಹೇಳುವುದಿಲ್ಲ, ಹೇಳಲು ಕೂತರೆ ರಾತ್ರಿ ಆಗುತ್ತದೆ.

ತೀರ್ಥಹಳ್ಳಿಯಿಂದ:
ನಾವು ಆಡುವುದು ಕಿಂಗ್ಸ್ ಆಫ್ ವಾರ್. ಅದರಲ್ಲಿ ಮಗ್ಗುಲಿಗೆ ಹೋದರೆ ದಾಳ ಎರಡು ಪಟ್ಟು, ಬೆನ್ನಿಗೆ ಹೋದರೆ ಮೂರು ಪಟ್ಟು. 12 ದಾಳದ ತುಕಡಿಗೆ ಮಗ್ಗುಲಲ್ಲಿ 24, ಬೆನ್ನಲ್ಲಿ 36. ಕೈಯಲ್ಲಿ ಹಿಡಿಯುವುದಕ್ಕೇ ಆಗುವುದಿಲ್ಲ, ನಾವು ಕಾಫಿ ಲೋಟದಲ್ಲಿ ಹಾಕಿ ಕುಲುಕುತ್ತೇವೆ.

ಜಗಳ ಬರುವುದು "ಇದು ಮಗ್ಗುಲಾ, ಮುಂಭಾಗವಾ" ಅನ್ನುವುದರಲ್ಲಿ. ತುಕಡಿಯ ನಾಲ್ಕು ಮೂಲೆಯಿಂದ 45 ಡಿಗ್ರಿಗೆ ಗೆರೆ ಎಳೆದರೆ ಸುತ್ತಲಿನ ಜಾಗ ನಾಲ್ಕು ಪಾಲಾಗುತ್ತದೆ. ದಾಳಿ ಮಾಡುವವರ ಮುಂಸಾಲಿನ ನಡುಬಿಂದು ಹೊರಡುವ ಮೊದಲು ಯಾವ ಪಾಲಿನಲ್ಲಿತ್ತೋ ಆ ಕಡೆಗೇ ಹೋಗಿ ತಾಗಬೇಕು. ಓಡಿಬಂದು ಕೊನೇ ಗಳಿಗೆಯಲ್ಲಿ ಮಗ್ಗುಲಿಗೆ ತಿರುಗುತ್ತೇನೆ ಅಂದರೆ ನಡೆಯುವುದಿಲ್ಲ. ಅಂದರೆ ಮಗ್ಗುಲ ದಾಳಿ ಆಗುವುದು ಹಿಂದಿನ ಸರದಿಯಲ್ಲೇ, ಈಗ ಬರೀ ಹಣ್ಣು ಉದುರುವುದು. ನಾನು ಮಗಳ ಜಾಮಿಟ್ರಿ ಬಾಕ್ಸಿನ 45 ಡಿಗ್ರಿ ತ್ರಿಕೋನವನ್ನು ಮೂಲೆಗೆ ಹಿಡಿದು ತೋರಿಸುತ್ತೇನೆ. ಹತ್ತು ರೂಪಾಯಿ ಪ್ಲಾಸ್ಟಿಕ್ಕು ಎರಡು ಸ್ನೇಹ ಉಳಿಸಿದೆ.

ಇನ್ನೊಂದು. ಗೆದ್ದ ಖುಷಿಯಲ್ಲಿ ಮುಂದೆ ನುಗ್ಗಿದ ನಿಮ್ಮ ತುಕಡಿಗೂ ಒಂದು ಮಗ್ಗುಲು ಇದೆ. ಅದು ಯಾರ ಕಡೆ ತೆರೆದಿದೆ ಅಂತ ನೋಡದೆ ನಾನು ಕಳೆದುಕೊಂಡ ಆಟ ಲೆಕ್ಕವಿಲ್ಲ.

ಹೊಸನಗರದಿಂದ:
ಸಾಗರದವರು ಹೇಳಿದ್ದು ಸರಿ, ಆದರೆ ಖರ್ಚಿನ ವಿಷಯ ಬಿಟ್ಟರು. ಡಿಬಿಎಯಲ್ಲಿ ಸರದಿಗೆ ಒಂದು ದಾಳ, ಬಿದ್ದಷ್ಟೇ ಆಜ್ಞೆ. 1 ಬಿದ್ದರೆ ಒಂದು ತುಕಡಿಯನ್ನೋ ಒಂದು ಗುಂಪನ್ನೋ ಮಾತ್ರ ನಡೆಸಬಹುದು. ದಳಪತಿಯಿಂದ ತುಂಬ ದೂರ ಹೋದವರಿಗೆ ಒಂದು ಆಜ್ಞೆ ಹೆಚ್ಚಿಗೆ ಖರ್ಚಾಗುತ್ತದೆ. ಅಂಚಿನಲ್ಲಿ ಅಲೆಯುವ ಎರಡು ಕುದುರೆಗೇ ಎಲ್ಲ ಸುರಿದರೆ ಮಧ್ಯದ ಸಾಲು ಮುಂದೆ ಹೋಗುವುದು ಹೇಗೆ? ನಿಮ್ಮ ಆ "ಒಂದು ಗೇಣು" ಉಳಿದದ್ದು ಇದಕ್ಕೇ. ನಾನಾದರೆ ಅಷ್ಟು ದೂರ ಕಳಿಸುವುದೇ ಇಲ್ಲ. ಸಾಲಿನ ತುದಿಯ ಹಿಂದೆ ಎರಡು ತುಕಡಿ ಬಚ್ಚಿಟ್ಟುಕೊಂಡು, ಹೊಡೆದಾಟ ಶುರುವಾದ ಮೇಲೆ ಒಂದೇ ಹೆಜ್ಜೆಗೆ ಬಳಸಿ ಬರುತ್ತೇನೆ.

ಜಾಗವನ್ನೂ ಅಳೆಯಿರಿ. ನಾವು ಕೇರಂ ಬೋರ್ಡಿನ ಒಳಗೆ 60 ಸೆಂ.ಮೀ. ಚೌಕದ ಹಸಿರು ಬಟ್ಟೆ ಹಾಸಿ ಆಡುತ್ತೇವೆ. ತುಕಡಿಯ ಪೀಠ 4 ಸೆಂ.ಮೀ. ಅಗಲ. ಅಡಿಕೆ ಹಾಳೆಯಲ್ಲಿ ಕತ್ತರಿಸಿಕೊಂಡಿದ್ದೇವೆ, ಈ ಥಂಡಿಗೆ ಸೊಟ್ಟಗಾಗುತ್ತದೆ, ಆ ಮಾತು ಬೇರೆ. 12 ಒಂದೇ ಸಾಲಿಗೆ ನಿಂತರೆ 48 ಸೆಂ.ಮೀ. ಆಯಿತು, ಎರಡೂ ಬದಿಗೆ ಉಳಿಯುವುದು ತಲಾ 6 ಸೆಂ.ಮೀ. ಅಷ್ಟೇ. ಅಲ್ಲೊಂದು ಕಾಡಿನ ತುಂಡು ಬಿದ್ದರೆ ಕುದುರೆಗೆ ದಾರಿಯೇ ಇಲ್ಲ. ಕಾಡಿನೊಳಗೆ ಹೊಡೆದಾಡಿದರೆ ಹೆಚ್ಚಿನವರಿಗೆ 2 ಅಂಕ ಕಡಿಮೆ. ಅಲ್ಲಿ ಸಲ್ಲುವವರು ಹಗುರ ಕಾಲಾಳುಗಳು. ನಮ್ಮ ಬಿದನೂರಿಗೂ ಕಾಡೇ ಬೇಲಿ ಆಗಿತ್ತು. 1763ರಲ್ಲಿ ಹೈದರಾಲಿ ಅದನ್ನು ದಾಟಿ ಬಂದದ್ದು ಒಳದಾರಿ ಬಲ್ಲವರು ಸಿಕ್ಕಿದ್ದಕ್ಕೆ. ಹಾಗಾಗಿ ಕಾಡು ಇದೆ ಅಂತ ಮಗ್ಗುಲು ಮರೆತು ಮಲಗಬೇಡಿ.

ಕೊಪ್ಪದಿಂದ:
ಹಿಡಿದು ಹೊಡೆಯುವ ಮಾತಿಗೆ ನನ್ನದೊಂದು. ಕ್ರಿ.ಪೂ. 326ರ ಝೀಲಂ ಯುದ್ಧ. ಅಲೆಕ್ಸಾಂಡರ್ ತನ್ನ ಸೇನಾನಿ ಕ್ರಾಟೆರಸ್‌ನನ್ನು ಪೋರಸ್‌ನ ಎದುರು ದಡದಲ್ಲೇ ಬಿಟ್ಟು, ರಾತ್ರಿ ಗುಡುಗು ಮಳೆಯಲ್ಲಿ ಮೇಲ್ದಡಕ್ಕೆ ಹೋಗಿ ಹೊಳೆ ದಾಟಿದ. ಎದುರಿನ ಶಿಬಿರ ಅಲುಗದೆ ಇದ್ದದ್ದರಿಂದ ಪೋರಸ್ ಎರಡೂ ಕಡೆ ನೋಡಬೇಕಾಯಿತು. ತಡೆಯಲು ಕಳಿಸಿದ ರಥಗಳು ಕೆಸರಲ್ಲಿ ಹೂತವು. ಆಗುಂಬೆ ಕಡೆಯವರಿಗೆ ಕೆಸರಲ್ಲಿ ಚಕ್ರ ಹೂಳುವುದನ್ನು ವಿವರಿಸಬೇಕಾಗಿಲ್ಲ.

ಶಿವಮೊಗ್ಗ, ಭಾನುವಾರ ರಾತ್ರಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕುದುರೆಗಳನ್ನು ಸಾಲಿನ ಬಲತುದಿಯ ಹಿಂದೆ ಇಟ್ಟುಕೊಂಡೆ. ಮಧ್ಯದವರನ್ನು ಒಂದೇ ಗುಂಪಾಗಿ ಮುಂದೆ ತಂದೆ, ಒಂದೇ ಆಜ್ಞೆ ಖರ್ಚು. ಮೂರನೇ ಸರದಿಗೆ ತುದಿಯ ಕತ್ತಿಯವರು ಸಿಕ್ಕಿಕೊಂಡರು, ಕುದುರೆ ಬಳಸಿ ಬಂತು. ದಾಳದಲ್ಲಿ ನನಗೆ 4 ಬಿತ್ತು, ಅವನಿಗೆ 2. ಭಾವಮೈದ "ಹಿಂದೆ ಸರಿದೆ" ಅಂತ ತುಕಡಿ ಎಳೆಯಲು ಹೋದ. ಕೈ ಹಿಡಿದು ನಿಯಮ ತೋರಿಸಿದೆ. ಆಮೇಲೆ ಪಕ್ಕದವನ ಮಗ್ಗುಲು ತೆರೆಯಿತು, ಅದರ ಪಕ್ಕದವನದೂ ತೆರೆಯಿತು. ನಾಲ್ಕು ಹೋಗುವ ಹೊತ್ತಿಗೆ ಕರೆಂಟ್ ಹೋಯಿತು, ಕೊನೆಯ ದಾಳವನ್ನು ಮೊಬೈಲ್ ಟಾರ್ಚಲ್ಲಿ ನೋಡಿದೆವು.

ಮುಂದಿನ ವಾರ ಅವನು ರಕ್ಷಕ, ನೆಲ ಜೋಡಿಸುವವನು ಅವನೇ. ಈಗಲೇ ಅಕ್ಕನ ಹತ್ತಿರ ಹಳೇ ಕಾಲೊರಸು ಕೇಳಿದ್ದಾನೆ, ಕಾಡು ಮಾಡಲಿಕ್ಕಂತೆ. ಹಗುರ ಕಾಲಾಳು ನನ್ನ ಬಳಿ ಒಂದೇ ತುಕಡಿ ಇದೆ. ಬಣ್ಣ ಹಚ್ಚಿ ಮೂರು ದಿನ ಆಯಿತು, ಇನ್ನೂ ಒಣಗಿಲ್ಲ.