ಸಹಾಯ ಬೇಕು: ಸೇವಾದಳ ತರಬೇತಿ ಪಡೆದವರು ಹಾಸನದ ಕಡೆ ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಬೇಲೂರು ತಾಲೂಕಿನ ಒಂದು ಹಳ್ಳಿಯವರು. ಊರಿನ ಶಾಲೆಯಲ್ಲಿ ಮೊದಲು ಮಕ್ಕಳಿಗೆ ಶಿಸ್ತು, ಸೇವೆ ಕಲಿಸುವ ಸೇವಾದಳ ಚೆನ್ನಾಗಿ ನಡೆಯುತ್ತಿತ್ತು, ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ವರ್ಗ ಆದ ಮೇಲೆ ನಿಂತೇಹೋಯಿತು. ಈಗ ನಾವು ನಾಲ್ಕು ಜನ ಸೇರಿ ಭಾನುವಾರ ಬೆಳಿಗ್ಗೆ 22 ಮಕ್ಕಳನ್ನು ಸೇರಿಸುತ್ತಿದ್ದೇವೆ.

ಕೆರೆ ಏರಿ ಸ್ವಚ್ಛ ಮಾಡುವುದು, ಗಿಡಕ್ಕೆ ನೀರು ಹಾಕುವುದು ಇವೆಲ್ಲ ನಡೆಯುತ್ತಿದೆ. ಪ್ರತಿ ವಾರ ಒಬ್ಬೊಬ್ಬರು ನಾಯಕರು; ಮಾತೇ ಆಡದ ಒಂದು ಹುಡುಗಿ ಹೋದ ವಾರ ಎಲ್ಲರಿಗೂ ಕೆಲಸ ಹಂಚಿದಳು, ನೋಡಿ ನನಗೆ ಕಣ್ಣು ತುಂಬಿ ಬಂತು.

ಆದರೆ ಕವಾಯತು ನಮಗೆ ಸರಿಯಾಗಿ ಬರುವುದಿಲ್ಲ. ಧ್ವಜ ಮಡಚಿ ಹೂವಿಟ್ಟು ಗಂಟು ಹಾಕುವುದು, ಹಗ್ಗ ಎಳೆದ ತಕ್ಷಣ ಬಿಚ್ಚಿಕೊಳ್ಳಬೇಕಲ್ವಾ, ಅದನ್ನು ಕೈಹಿಡಿದು ಕಲಿಸುವವರು ಬೇಕು. ವಿಡಿಯೋ ನೋಡಿ ಪ್ರಯತ್ನಿಸಿದೆವು, ಆಗಲಿಲ್ಲ.

ಇನ್ನೊಂದು, ಇತಿಹಾಸ. ಸ್ವಾತಂತ್ರ್ಯ ಹೋರಾಟಗಾರ ನಾ. ಸು. ಹರ್ಡೀಕರ್ ಅವರು 1923ರಲ್ಲಿ ಸೇವಾದಳ ಕಟ್ಟಿದ್ದು, ಅವರ ಕೆಲಸಕ್ಕೆ ನಮ್ಮ ಹುಬ್ಬಳ್ಳಿಯೇ ನೆಲೆಯಾಗಿದ್ದು ಮಕ್ಕಳಿಗೆ ಗೊತ್ತೇ ಇರಲಿಲ್ಲ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದವರು ಅಂದಾಗ ಬಾಯಿಬಿಟ್ಟು ಕೇಳಿದರು. ಇಂಥ ನಮ್ಮೂರ ಕಡೆಯ ಕಥೆ ಹೇಳಬಲ್ಲ ನಿವೃತ್ತ ಮೇಷ್ಟ್ರು, ಹಿರಿಯರು ಇದ್ದರೆ ದಯವಿಟ್ಟು ತಿಳಿಸಿ. ಪಕ್ಷ, ಜಾತಿ ಯಾವುದೂ ಇಲ್ಲಿಲ್ಲ.

ದುಡ್ಡು ಬೇಡ. ತಿಂಗಳಿಗೆ ಒಂದು ಭಾನುವಾರ ಬಂದರೂ ಸಾಕು. ಬೇಲೂರು ಬಸ್ ನಿಲ್ದಾಣದಿಂದ ನಾವೇ ಬೈಕಲ್ಲಿ ಕರೆದುಕೊಂಡು ಹೋಗುತ್ತೇವೆ, ತಿಂಡಿ ಊಟ ನಮ್ಮ ಮನೆಯಲ್ಲೇ. ಬರಲು ಆಗುವವರು ಇಲ್ಲೇ ಒಂದು ಮಾತು ಬರೆಯಿರಿ.